ಹತ್ತು ಅಪವಾದ

ಹನ್ನೊಂದನೆಯ ಸಲ ಈ ಏರು ಹತ್ತುತ್ತಿದ್ದೇನೆ.
ಹಂಪನಕಟ್ಟೆಯಿಂದ ಕೋರ್ಟಿನ ತನಕ ನಡೆದೇ,
ಆರೋಪಿಗೆ ಆಟೋ ಯಾಕೆ.
ವಕೀಲೆ ಲವೀನಾ ಮಸ್ಕರೇನ್ಹಸ್ ಗೇಟಿನಲ್ಲಿ ಕಾಯುತ್ತಾರೆ,
ಕಪ್ಪು ಕೋಟಿನ ಬೆನ್ನಿನಲ್ಲಿ ಉಪ್ಪಿನ ಭೂಪಟ.
"ಅವರು ಇವತ್ತೂ ಬರ್ಲಿಕ್ಕಿಲ್ಲ ಮಾರಾಯ್ರೆ.
ನೀವು ಬಾರದಿದ್ರೆ ಮಾತ್ರ ವಾರಂಟು."

ನಾವು ಬರೆದದ್ದು ಇಷ್ಟೇ:
ಕೊಟ್ಟಾರದ ತೋಡಿಗೆ ತಡೆಗೋಡೆ ಕಟ್ಟಿದ್ದಾಗಿ ಬಿಲ್ಲಾಗಿದೆ,
ಇನ್ನೂರ ಹತ್ತು ಮೀಟರು.
ನಾನೂ ಫೋಟೋದ ತನ್ಸೀಫನೂ ಟೇಪು ಹಿಡಿದು ಅಳೆದೆವು,
ಮೊಣಕಾಲು ಮುಳುಗುವ ಕೆಸರಿನಲ್ಲಿ,
ಅವನು ಆ ತುದಿ, ನಾನು ಈ ತುದಿ.
ಅರವತ್ತೆರಡು.
ಉಳಿದ ಗೋಡೆ ಎಲ್ಲಿ ಸಾಹೇಬರೇ? ಅಂತ ತಲೆಬರಹ.
ಗೋಡೆ ಬರಲಿಲ್ಲ, ಸಮನ್ಸು ಬಂತು.

ಕಾನೂನಿನಲ್ಲಿ ಇದಕ್ಕೆ ಹತ್ತು ಅಪವಾದಗಳುಂಟು, ಅಂದರು ವಕೀಲೆ.
ನಮ್ಮ ಭಾಷೆ ಒಳಗೊಳಗೇ ನಕ್ಕಿರಬೇಕು:
ಹೊರಿಸುವುದೂ ಅಪವಾದ, ಇಳಿಸುವುದೂ ಅಪವಾದ.
ನಿಜವಾಗಿದ್ದು, ಊರಿಗೆ ಒಳಿತಾಗುವ ಮಾತಾದರೆ ಅಪರಾಧವಲ್ಲ.
ಅಧಿಕಾರಿಯ ಕೆಲಸದ ಬಗ್ಗೆ ಸದ್ಭಾವದಿಂದ ಆಡಿದರೆ ಅಪರಾಧವಲ್ಲ.
ಹೀಗೆ ಹತ್ತು ಬಾಗಿಲಿನ ಮನೆ,
ಕೀಲಿಕೈ ಸಿಗುವುದು ವಿಚಾರಣೆಯ ಕೊನೆಗೆ.
ಅಲ್ಲಿಯ ತನಕ ಜಗಲಿಯಲ್ಲಿ ಕೂತಿರು.
ಸಾಲ ಕೇಳಲು ಹೋದಾಗ ಬ್ಯಾಂಕಿನವರು
"ನಿಮ್ಮ ಮೇಲೆ ಕೇಸುಂಟಲ್ಲ" ಅಂದರು.
ತನ್ಸೀಫ ಈಗ ಮದುವೆಯ ಫೋಟೋ ಮಾತ್ರ ತೆಗೆಯುತ್ತಾನೆ.

ಇಲ್ಲಿಗೆ ನಿಲ್ಲಿಸಿದರೆ ನನ್ನ ಮುಖ ಚೆನ್ನಾಗಿ ಕಾಣುತ್ತದೆ.

ಆದರೆ ವಾಮನ ಬಂಗೇರರಿದ್ದರು,
ಬಂದರಿನ ಮೀನು ಮಾರುಕಟ್ಟೆಗೆ ಹೆಲ್ತ್ ಇನ್‌ಸ್ಪೆಕ್ಟರು.
ಹದಿನಾಲ್ಕು ವರ್ಷದ ಹಿಂದೆ, ಪುಟ ತುಂಬದ ಒಂದು ಮಧ್ಯಾಹ್ನ,
ಲಂಚದ ಸುದ್ದಿಗೆ ಅವರ ಹೆಸರು ಹಾಕಿದೆ.
ತಿಂದ ಬಂಗೇರ ಬೇರೆ.
ಒಂದು ಫೋನಿನಲ್ಲಿ ಗೊತ್ತಾಗುತ್ತಿತ್ತು. ಮಾಡಲಿಲ್ಲ.
ಮೂರನೆಯ ದಿನ ಕಚೇರಿಗೆ ಬಂದರು.
ವಕೀಲರಿಲ್ಲ, ನೋಟೀಸಿಲ್ಲ, ಕೈಯಲ್ಲಿ ಬಂಗುಡೆಯ ತೊಟ್ಟೆ.
"ಮೀನಿನ ಹೆಂಗಸರು ಇವತ್ತು ಧರ್ಮಕ್ಕೆ ಕೊಟ್ಟರು.
'ದುಡ್ಡು ಬೇಡ, ನಿಮ್ಗೆ ಹೇಗೂ ಕೊಡ್ಲಿಕ್ಕುಂಟಲ್ಲ' ಅಂತ ನಗಾಡಿದರು.
ಇದನ್ನು ಮನೆಗೆ ಹೇಗೆ ಕೊಂಡುಹೋಗ್ಲಿ?"
ನನ್ನ ಮೇಜಿನ ಮೇಲೆ, ಆ ದಿನದ ಪ್ರೂಫಿನ ಮೇಲೆ
ಇಟ್ಟು ಹೋದರು.
ಮೂರನೆಯ ಪುಟದಲ್ಲಿ, ಬಾವಿ ರಿಂಗಿನ ಜಾಹೀರಾತಿನ ಕೆಳಗೆ
ಎರಡು ಸಾಲು ವಿಷಾದ ಹಾಕಿದೆ.

ಅವರು ಕೇಸು ಹಾಕಿದ್ದರೆ ಸೋಲುತ್ತಿದ್ದೆ. ಸೋಲಬೇಕಿತ್ತು.
ಆದರೆ ನಾನು ಜೈಲಿನಲ್ಲಿ ಕೂತರೆ
ಆ ಬಂಗುಡೆಗೆ ದುಡ್ಡು ಸಂದ ಹಾಗಾಗುತ್ತಿತ್ತೆ?
ಅವರಿಗೆ ಬೇಕಾಗಿದ್ದದ್ದು ಮೊದಲ ಪುಟ, ಅದೇ ಗಾತ್ರದ ಅಕ್ಷರ.
ಅದು ನನ್ನ ಕೈಯಲ್ಲೇ ಇತ್ತು.

ಅಳತೆಗೋಲಿಗೆ ಮಾನದಂಡ ಅನ್ನುತ್ತೇವೆ.
ಕೋರ್ಟಿನ ಬೆಂಚಿನಲ್ಲಿ ಕೂತು ಒಡೆದು ಓದುತ್ತೇನೆ:
ಮಾನ. ದಂಡ.
ಒಂದೇ ಕೋಲು, ಇಬ್ಬರಿಗೂ.
ಸಾಹೇಬರು ಲಾಲ್‌ಬಾಗಿನಲ್ಲಿ ಬಾಯಿ ತೆರೆದರೆ ಇಪ್ಪತ್ತು ಮೈಕು;
ಬಂಗೇರರಿಗೆ ಒಂದು ತೊಟ್ಟೆ.
ಕೋಲಿಗೆ ಇದು ಕಾಣುವುದಿಲ್ಲ. ಹಿಡಿದವರಿಗೆ ಕಾಣಬೇಕು.

"ಫಿರ್ಯಾದಿ ಗೈರು." ಮುಂದಿನ ತಾರೀಕು, ಆಗಸ್ಟು.

ಇಳಿಯುವಾಗ ಹೊಸ ಹುಡುಗಿ ಶ್ರದ್ಧಾ ಕುಂದರಳ ಫೋನು:
ಇನ್ನೊಂದು ಕಾಮಗಾರಿ, ಇನ್ನೊಂದು ಬಿಲ್ಲು.
"ಹೆಸರು ಹಾಕ್ಲಾ ಸರ್?"
ಅವರಿಗೆ ಫೋನು ಮಾಡಿದೆಯಾ?
"ಮೂರು ಸಲ. ಎತ್ತುವುದಿಲ್ಲ."
ನಾಲ್ಕನೆಯ ಸಲ ಮಾಡು. ಆಫೀಸಿಗೂ ಹೋಗು. ಅಳೆದೆಯಾ?
"ಎರಡು ಸಲ ಅಳೆದೆ."
ಟೇಪಿನ ಆ ತುದಿ ಯಾರು ಹಿಡಿದದ್ದು?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.
"ಕಲ್ಲು ಇಟ್ಟೆ ಸರ್."

ನಿಲ್ಲು, ನಾನು ಬರ್ತೇನೆ, ಅಂದೆ.
ಏರಿಗಿಂತ ಇಳಿಜಾರೇ ಮಂಡಿಗೆ ಕಷ್ಟ.